ದೆವ್ವ, ಕಪ್ ಮತ್ತು ಕರಾಚಿಯ ವಿಡಿಯೊ: ಬೆಂಗಳೂರಿನಲ್ಲಿ ಮೀಮ್ ಉಳಿಯುವ ಬಗೆ

1990ರ ದಶಕದಲ್ಲಿ ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ, ಸುತ್ತಮುತ್ತಲ ಊರುಗಳಲ್ಲಿ, ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ಒಂದು ಹೆಣ್ಣು ದೆವ್ವ ಬಂದು ಬಾಗಿಲು ತಟ್ಟುತ್ತದೆ, ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಓಗೊಟ್ಟು ಬಾಗಿಲು ತೆಗೆದರೆ ಮುಗಿಯಿತು. ಬಾಗಿಲ ಮೇಲೆ ‘ನಾಳೆ ಬಾ’ ಎಂದಿದ್ದರೆ ಮಾತ್ರ ಓದಿಕೊಂಡು ಹಿಂದಿರುಗುತ್ತದೆ. ಮರುದಿನ ಬರುತ್ತದೆ, ಮತ್ತೆ ಓದುತ್ತದೆ, ಮತ್ತೆ ಹೋಗುತ್ತದೆ. ಕನ್ನಡ ಓದಲು ಬರುವ, ಹೇಳಿದ ಮಾತು ಕೇಳುವ ದೆವ್ವ. ಇವತ್ತಿನ ಬೆಂಗಳೂರಿನಲ್ಲಿ ಅಂಥದ್ದು ಸಿಕ್ಕರೆ ಅಡ್ವಾನ್ಸ್ ಇಲ್ಲದೆ ಮನೆ ಬಾಡಿಗೆಗೆ ಕೊಡುವವರಿದ್ದಾರೆ.

ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ದೆವ್ವದ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಹುಣಸೆಮರದ್ದು, ಬಾವಿಕಟ್ಟೆಯದ್ದು, ಊರಾಚೆಯ ಹಾಳು ಮಂಟಪದ್ದು. ಅವೆಲ್ಲ ಅಜ್ಜಿಯರ ಬಾಯಲ್ಲೇ ಉಳಿದವು. ಇದೊಂದು ಮಾತ್ರ ಬೀದಿಬೀದಿಗೆ ಹಬ್ಬಿತು. ಯಾರೂ ಜಾಹೀರಾತು ಕೊಟ್ಟಿರಲಿಲ್ಲ. ಜನರ ಕೈಯಲ್ಲಿ ಮೊಬೈಲೂ ಇರಲಿಲ್ಲ. ಹಾಗಾದರೆ ಇದರಲ್ಲಿ ಅಂಥದ್ದೇನಿತ್ತು?

ಈ ಥರದ ಪ್ರಶ್ನೆ ಕೇಳುವುದಕ್ಕೆ ಒಂದು ದಾರಿ ತೋರಿಸಿದವರು ಬ್ರಿಟನ್ನಿನ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್. 1976ರಲ್ಲಿ ಬಂದ ‘ದ ಸೆಲ್ಫಿಶ್ ಜೀನ್’ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಅವರು ಮೀಮ್ ಎಂಬ ಕಲ್ಪನೆಯನ್ನು ಮುಂದಿಟ್ಟರು. ಜೀನ್, ಅಂದರೆ ವಂಶವಾಹಿ, ಒಂದು ದೇಹದಿಂದ ಇನ್ನೊಂದಕ್ಕೆ ಹೋಗುವ ಹಾಗೆ ಮೀಮ್ ಒಂದು ತಲೆಯಿಂದ ಇನ್ನೊಂದು ತಲೆಗೆ ಹೋಗುತ್ತದೆ. ಒಂದು ರಾಗ, ಒಂದು ನುಡಿಗಟ್ಟು, ಬಟ್ಟೆಯ ಫ್ಯಾಶನ್, ಮಡಕೆ ಮಾಡುವ ರೀತಿ, ಕಮಾನು ಕಟ್ಟುವ ರೀತಿ: ಇವು ಅವರೇ ಕೊಟ್ಟ ಉದಾಹರಣೆಗಳು. ಫೋನಿನಲ್ಲಿ ಬರುವ ತಮಾಷೆ ಚಿತ್ರವನ್ನು ಮೀಮ್ ಎಂದು ಕರೆಯಲು ಶುರುವಾದದ್ದು ಎಷ್ಟೋ ವರ್ಷಗಳ ಮೇಲೆ. ಪೈಪೋಟಿಯಲ್ಲಿ ಗೆಲ್ಲುವ ಮೀಮ್‌ಗೆ ಮೂರು ಗುಣ ಬೇಕು ಎಂದರು ಡಾಕಿನ್ಸ್. ಜಾಸ್ತಿ ದಿನ ಬಾಳಬೇಕು, ಬೇಗ ಬೇಗ ಮರಿ ಹಾಕಬೇಕು, ನಕಲು ಮೂಲದ ಹಾಗೇ ಇರಬೇಕು.

ಇದರಲ್ಲಿ ನನಗೆ ಮುಖ್ಯ ಎನಿಸುವುದು ಪ್ರಶ್ನೆಯ ದಿಕ್ಕು ಬದಲಾದದ್ದು. ಜನ ಇದನ್ನು ಯಾಕೆ ನಂಬಿದರು ಎಂದು ಕೇಳಿದರೆ ಜನರ ಬುದ್ಧಿಯ ಬಗ್ಗೆ ಚರ್ಚೆ ಶುರುವಾಗುತ್ತದೆ. ಇದು ಹರಡಲು ಇದರೊಳಗೇ ಏನಿತ್ತು ಎಂದು ಕೇಳಿದರೆ ನಾವು ಬೇರೆ ಕಡೆ ನೋಡಬೇಕಾಗುತ್ತದೆ. ಹರಡುವ ಸಂಗತಿಯಿಂದ ಹರಡುವವರಿಗೆ ಲಾಭವೇ ಆಗಬೇಕೆಂದಿಲ್ಲ. ಅದು ತನ್ನ ಪಾಡಿಗೆ ತಾನು ಉಳಿದುಕೊಂಡರೆ ಸಾಕು.

‘ನಾಳೆ ಬಾ’ಯನ್ನೇ ಹೀಗೆ ಬಿಚ್ಚಿ ನೋಡೋಣ. ಖರ್ಚು ಒಂದು ಚೂರು ಸೀಮೆಸುಣ್ಣ. ಬರೆಯದಿದ್ದರೆ ಆಗಬಹುದಾದ ನಷ್ಟ, ಪ್ರಾಣ. ನಂಬಿಕೆ ಅರ್ಧಂಬರ್ಧ ಇದ್ದವರೂ ‘ಬರೆದರೆ ಏನು ಹೋಗುತ್ತೆ’ ಎಂದು ಬರೆದರು. ಬರೆದದ್ದು ಒಳಮನೆಯಲ್ಲಲ್ಲ, ಬೀದಿ ಬಾಗಿಲ ಮೇಲೆ. ಹೋಗಿ ಬರುವವರ ಕಣ್ಣಿಗೆಲ್ಲ ಬೀಳುತ್ತದೆ. ಎದುರು ಮನೆಯವರು ಬರೆದರು, ಪಕ್ಕದವರೂ ಬರೆದರು, ಇಡೀ ಸಾಲಿನಲ್ಲಿ ನಮ್ಮ ಬಾಗಿಲೊಂದೇ ಖಾಲಿ. ದೆವ್ವ ಇನ್ನೆಲ್ಲಿಗೆ ಬರಬೇಕು? ಎಲ್ಲರ ಬಾಗಿಲ ಮೇಲಿರುವುದೇ ಇನ್ನೊಬ್ಬರು ಬರೆಯಲು ಕಾರಣವಾಗುತ್ತದೆ. ಇನ್ನು ಪರೀಕ್ಷೆ ಮಾಡೋಣ ಎಂದರೆ ಅದೂ ಸಾಧ್ಯವಿಲ್ಲ. ದೆವ್ವ ಬರಲಿಲ್ಲ ಎಂದರೆ ಬರೆದದ್ದು ಕೆಲಸ ಮಾಡಿತು ಎಂದರ್ಥ. ಜೊತೆಗೆ ಇದಕ್ಕೆ ಗಡುವೇ ಇಲ್ಲ. ನಾಳೆ ಎನ್ನುವುದು ಯಾವತ್ತೂ ನಾಳೆಯೇ. ‘ಶುಕ್ರವಾರ ಬಾ’ ಎಂದು ಬರೆದಿದ್ದರೆ ಶನಿವಾರಕ್ಕೆ ಆಟ ಮುಗಿಯುತ್ತಿತ್ತು.

ಇನ್ನೊಂದು ವಿಷಯ ಇದೆ. ಬಾಗಿಲ ಮೇಲಿನ ಬರಹ ಮನೆಯಿಂದ ಮನೆಗೆ ಒಂದಕ್ಷರ ಬದಲಾಗಲಿಲ್ಲ. ಅಕ್ಷರ ಬಾರದವರೂ ಪಕ್ಕದ ಮನೆಯದ್ದನ್ನು ನೋಡಿ ತಿದ್ದಬಹುದಿತ್ತು. ಆದರೆ ಅದರ ಹಿಂದಿನ ಕಥೆ ಬಾಯಿಂದ ಬಾಯಿಗೆ ಬದಲಾಗುತ್ತಲೇ ಹೋಯಿತು. ಒಬ್ಬರ ಪ್ರಕಾರ ಅದು ಗಂಡನನ್ನು ಹುಡುಕಿಕೊಂಡು ಅಲೆಯುವ ಮದುಮಗಳು. ಇನ್ನೊಬ್ಬರ ಪ್ರಕಾರ ಬರೀ ಮಾಟಗಾತಿ. ಮಾಡಬೇಕಾದ ಕೆಲಸ ಗಟ್ಟಿ, ಅದಕ್ಕೆ ಕೊಡುವ ಕಾರಣ ಸಡಿಲ. ನಮ್ಮ ಎಷ್ಟೋ ಶಾಸ್ತ್ರ ಸಂಪ್ರದಾಯಗಳೂ ಹೀಗೇ ಅಲ್ವಾ? ಮಾಡುವುದು ಎಲ್ಲರಿಗೂ ಗೊತ್ತು, ಯಾಕೆ ಎಂದು ಕೇಳಿದರೆ ಮನೆಗೊಂದು ಉತ್ತರ.

ಮೀಮ್ ಸಿದ್ಧಾಂತಕ್ಕೆ ಬಂದ ದೊಡ್ಡ ಆಕ್ಷೇಪ ಇಲ್ಲೇ ಹುಟ್ಟುತ್ತದೆ. ಫ್ರಾನ್ಸಿನ ಮಾನವಶಾಸ್ತ್ರಜ್ಞ ಡಾನ್ ಸ್ಪರ್ಬರ್ ಹೇಳುವುದು ಇಷ್ಟು: ಮನುಷ್ಯರು ಕಥೆಯನ್ನು ನಕಲು ಮಾಡುವುದಿಲ್ಲ, ಪ್ರತಿ ಸಲ ಹೊಸದಾಗಿ ಕಟ್ಟುತ್ತಾರೆ. ಕೇಳಿದ್ದರಲ್ಲಿ ಮುಕ್ಕಾಲು ಪಾಲು ಬಿಡುತ್ತಾರೆ, ಉಳಿದದ್ದಕ್ಕೆ ತಮ್ಮದನ್ನು ಸೇರಿಸುತ್ತಾರೆ. ಆದರೂ ಕಥೆ ಸುಮಾರಾಗಿ ಒಂದೇ ರೂಪದಲ್ಲಿ ಉಳಿದರೆ ಅದಕ್ಕೆ ಕಾರಣ ನಕಲಿನ ನಿಖರತೆಯಲ್ಲ. ನಮ್ಮೆಲ್ಲರ ಮನಸ್ಸು ಕೆಲವು ಆಕಾರಗಳ ಕಡೆಗೇ ವಾಲುತ್ತದೆ ಎಂಬುದು ಕಾರಣ. ಇದಕ್ಕೂ ಎಷ್ಟೋ ಮೊದಲು, 1932ರಲ್ಲಿ, ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ ತಮ್ಮ ಪ್ರಯೋಗಗಳಲ್ಲಿ ಇದನ್ನು ತೋರಿಸಿದ್ದರು. ಅಮೆರಿಕದ ಮೂಲನಿವಾಸಿಗಳ ಒಂದು ವಿಚಿತ್ರ ಕಥೆಯನ್ನು ಇಂಗ್ಲಿಷರಿಗೆ ಕೊಟ್ಟು ಒಬ್ಬರಿಂದ ಒಬ್ಬರಿಗೆ ದಾಟಿಸಿದಾಗ, ಅರ್ಥವಾಗದ ಭಾಗಗಳೆಲ್ಲ ಉದುರಿ ಅದು ಇಂಗ್ಲಿಷರಿಗೆ ಒಪ್ಪುವ ಕಥೆಯಾಗಿ ಬದಲಾಗಿತ್ತು.

ಜೀನ್ ಹೋಲಿಕೆ ಕುಂಟುವ ಇನ್ನೊಂದು ಜಾಗಕ್ಕೆ ನಮ್ಮ ತಿಂಡಿಯ ತಟ್ಟೆಯೇ ಸಾಕ್ಷಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆ ಇಡ್ಲಿ ಹುಟ್ಟಿತು ಎಂದು ಎಂಟಿಆರ್‌ನವರು ಹೇಳುತ್ತಾರೆ. ಪರಿಸರ ಬದಲಾಯಿತು, ಹೊಸ ರೂಪ ಬಂತು, ಅದು ಉಳಿಯಿತು. ಕೇಳಲು ಡಾರ್ವಿನ್ ಪಾಠದ ಹಾಗೇ ಇದೆ. ಆದರೆ ಜೀನ್‌ನಲ್ಲಿ ಬದಲಾವಣೆ ಕುರುಡು. ಇಲ್ಲಿ ಯಾರೋ ಒಬ್ಬರು ಒಲೆಯ ಮುಂದೆ ನಿಂತು, ಅಕ್ಕಿ ಇಲ್ಲ ಎಂದು ಯೋಚನೆ ಮಾಡಿ, ರವೆ ಹಾಕಿ ನೋಡಿದರು. ದರ್ಶಿನಿಯ ಕಥೆಯೂ ಇದೇ. 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದರು. ಕೂರಲು ಕುರ್ಚಿ ಇಲ್ಲ, ಮೊದಲು ಟೋಕನ್, ಅಡುಗೆ ಎದುರಿಗೇ, ನಿಂತು ತಿಂದು ಹೊರಡಬೇಕು. ಆ ಮಾದರಿಯನ್ನು ನೋಡಿದವರು ನೋಡಿದ ಹಾಗೇ ಎತ್ತಿಕೊಂಡರು. ಇವತ್ತು ಊರಿನ ತುಂಬ ದರ್ಶಿನಿಗಳು, ಒಬ್ಬರ ಚಟ್ನಿ ಇನ್ನೊಬ್ಬರ ಚಟ್ನಿಯ ಹಾಗಿಲ್ಲ. ನಕಲಾದದ್ದು ರುಚಿಯಲ್ಲ, ನಡೆಸುವ ಕ್ರಮ. ಹಾಗಾದರೆ ಇಲ್ಲಿ ಮೀಮ್ ಯಾವುದು? ಹೆಸರೋ, ಎತ್ತರದ ಮೇಜೋ, ಟೋಕನ್ನೋ, ಇಡೀ ವ್ಯವಸ್ಥೆಯೋ? ಜೀನ್‌ಗಾದರೆ ಡಿಎನ್‌ಎ ಇದೆ, ತೆಗೆದು ತೋರಿಸಬಹುದು. ಮೀಮ್ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಗೆರೆ ಎಳೆಯಲು ಯಾರಿಗೂ ಆಗಲಿಲ್ಲ.

ಈ ವಿದ್ಯೆಗೆ ಶಾಸ್ತ್ರದ ಪಟ್ಟ ಕೊಡುವ ಪ್ರಯತ್ನಗಳೇನೋ ನಡೆದವು. ದಾರ್ಶನಿಕ ಡೇನಿಯಲ್ ಡೆನೆಟ್ ಬೆಂಬಲಕ್ಕೆ ನಿಂತರು. 1999ರಲ್ಲಿ ಸೂಸನ್ ಬ್ಲ್ಯಾಕ್‌ಮೋರ್ ಇಡೀ ಪುಸ್ತಕವನ್ನೇ ಬರೆದರು. ಇದಕ್ಕೆಂದೇ 1997ರಲ್ಲಿ ಶುರುವಾದ ಸಂಶೋಧನಾ ಪತ್ರಿಕೆ 2005ರಲ್ಲಿ ನಿಂತುಹೋಯಿತು. ಅದರ ಕೊನೆಯ ಸಂಚಿಕೆಯಲ್ಲಿ ಬ್ರೂಸ್ ಎಡ್ಮಂಡ್ಸ್, ಜೀನ್ ಹೋಲಿಕೆಯಿಂದ ಹೊಸದೇನೂ ಹುಟ್ಟಲಿಲ್ಲ ಎಂದು ಮುಲಾಜಿಲ್ಲದೆ ಬರೆದರು. ಅಷ್ಟರಲ್ಲಿ ರಾಬರ್ಟ್ ಬಾಯ್ಡ್, ಪೀಟರ್ ರಿಚರ್ಸನ್ ಥರದ ಸಂಶೋಧಕರು 1980ರ ದಶಕದಿಂದಲೇ ಬೇರೆ ದಾರಿ ಹಿಡಿದಿದ್ದರು. ಮೀಮ್ ಎಂಬ ಬಿಡಿ ಕಣ ಇದೆಯೋ ಇಲ್ಲವೋ ಎಂಬ ಗೊಡವೆ ಅವರಿಗೆ ಬೇಕಿರಲಿಲ್ಲ. ಜನ ಯಾರನ್ನು ನೋಡಿ ಕಲಿಯುತ್ತಾರೆ, ಹೆಚ್ಚು ಜನ ಮಾಡುವುದನ್ನೇ ಯಾಕೆ ಮಾಡುತ್ತಾರೆ ಎಂಬುದನ್ನು ಗಣಿತದಲ್ಲಿ ಹಿಡಿದರು. ಖಾಲಿ ಬಾಗಿಲಿನವರ ಸಂಕಟ ಅವರ ಲೆಕ್ಕಕ್ಕೆ ಚೆನ್ನಾಗಿ ಸಿಗುತ್ತದೆ.

ತಮಾಷೆ ಏನೆಂದರೆ, ವಿದ್ವಾಂಸರು ಕೈಬಿಟ್ಟ ಹೊತ್ತಿಗೇ ಡಾಕಿನ್ಸ್ ಹೇಳಿದ ಪರಿಸರ ನಿಜವಾಗಿ ಹುಟ್ಟಿಕೊಂಡಿತು. ಕಾಪಿ-ಪೇಸ್ಟ್ ಬಂತು, ಆಮೇಲೆ ಫಾರ್ವರ್ಡ್ ಗುಂಡಿ ಬಂತು. ಇವು ಕಥೆಯನ್ನು ಹೊಸದಾಗಿ ಕಟ್ಟುವುದಿಲ್ಲ, ಇದ್ದದ್ದನ್ನು ಇದ್ದ ಹಾಗೇ ದಾಟಿಸುತ್ತವೆ. ಸ್ಪರ್ಬರ್ ಅವರ ಆಕ್ಷೇಪ ಇಲ್ಲಿ ಅರ್ಧ ಸಡಿಲವಾಗುತ್ತದೆ. 2014ರಲ್ಲಿ ಲಾಡಾ ಆಡಾಮಿಕ್ ಮತ್ತು ಸಂಗಡಿಗರು ಫೇಸ್‌ಬುಕ್‌ನ ದತ್ತಾಂಶ ಹಿಡಿದು ಇದನ್ನು ಅಳೆದರು. ಅಮೆರಿಕದ ಆರೋಗ್ಯ ವಿಮೆ ಚರ್ಚೆಯ ವೇಳೆ, 2009ರಲ್ಲಿ, ಒಂದು ಸಾಲಿನ ಸ್ಟೇಟಸ್ ಹತ್ತು ಲಕ್ಷಕ್ಕೂ ಹೆಚ್ಚು ಸಲ ನಕಲಾಗಿತ್ತು. ಅದಕ್ಕೆ ಒಂದು ಲಕ್ಷಕ್ಕೂ ಹೆಚ್ಚು ರೂಪಗಳು ಹುಟ್ಟಿದ್ದವು. ಹತ್ತು ನಕಲಿಗೆ ಹೆಚ್ಚುಕಡಿಮೆ ಒಂದು ಬದಲಾಗಿರುತ್ತಿತ್ತು. ‘ಒಪ್ಪುವುದಾದರೆ ನೀವೂ ಇದನ್ನು ಹಾಕಿ’ ಎಂಬ ಬಾಲ ಇದ್ದವು ಜಾಸ್ತಿ ಹಬ್ಬುತ್ತಿದ್ದವು. ದೇವರ ಹೆಸರಿನಲ್ಲಿ ಬರುತ್ತಿದ್ದ, ಇಷ್ಟು ಜನಕ್ಕೆ ಬರೆದು ಹಾಕದಿದ್ದರೆ ಕೇಡಾಗುತ್ತದೆ ಎಂದು ಹೆದರಿಸುತ್ತಿದ್ದ ಪೋಸ್ಟ್‌ಕಾರ್ಡ್‌ಗಳನ್ನು ಕಂಡವರಿಗೆ ಇದು ಹೊಸ ಸುದ್ದಿಯೇನಲ್ಲ.

ಈಗ ಬೆಂಗಳೂರಿನ ಅತಿ ಯಶಸ್ವಿ ಮೀಮ್ ಕಡೆಗೆ ಬರೋಣ. ‘ಈ ಸಲ ಕಪ್ ನಮ್ದೆ.’ ಆರ್‌ಸಿಬಿ 2009, 2011, 2016ರಲ್ಲಿ ಫೈನಲ್ ತನಕ ಹೋಗಿ ಸೋತಿತು. ಮೂರನೆಯದಂತೂ ನಮ್ಮ ಚಿನ್ನಸ್ವಾಮಿ ಅಂಗಳದಲ್ಲೇ. ಸೋತ ತಂಡದ ಘೋಷಣೆ ಸಾಯಬೇಕು, ಇದು ಬೆಳೆಯಿತು. ‘ನಾಳೆ’ಯ ಹಾಗೆ ‘ಈ ಸಲ’ಕ್ಕೂ ಗಡುವಿಲ್ಲ. ಪ್ರತಿ ವರ್ಷ ತಾನೇ ಹೊಸದಾಗುತ್ತದೆ. ಆದರೆ ಅಸಲು ಶಕ್ತಿ ಬೇರೆ ಕಡೆ ಇತ್ತು. ಅಭಿಮಾನಿಗಳು ಅದನ್ನು ಆಸೆಯಿಂದ ಹೇಳಿದರು, ಚೆನ್ನೈ, ಮುಂಬೈ ಕಡೆಯವರು ಅದನ್ನೇ ಗೇಲಿಗೆ ಹೇಳಿದರು. ಸೋತ ರಾತ್ರಿ ಎರಡನೆಯವರ ಸರದಿ. ಅಂತರ್ಜಾಲದ ಮೀಮ್‌ಗಳ ಬಗ್ಗೆ 2014ರಲ್ಲಿ ಪುಸ್ತಕ ಬರೆದ ಲಿಮೋರ್ ಶಿಫ್‌ಮನ್, ವಿಷಯ ಮತ್ತು ರೂಪದ ಜೊತೆ ಹೇಳುವವರ ನಿಲುವನ್ನೂ ಮೀಮ್‌ನ ಒಂದು ಭಾಗವೆಂದೇ ಎಣಿಸುತ್ತಾರೆ. ಮಾತು ಒಂದೇ, ನಿಲುವು ಎರಡು. ಹಾಗಾಗಿ ಹೊರುವವರೂ ಎರಡು ಪಟ್ಟು. 2023ರಲ್ಲಿ ನಾಯಕ ಫಾಫ್ ಡು ಪ್ಲೆಸಿ ನಾಲಿಗೆ ತಪ್ಪಿ ‘ಈ ಸಲ ಕಪ್ ನಹೀ’ ಎಂದುಬಿಟ್ಟರು. ಪಕ್ಕದಲ್ಲಿ ವಿರಾಟ್ ಕೊಹ್ಲಿ ನಕ್ಕದ್ದೇ ನಕ್ಕದ್ದು. ತಪ್ಪಾದ ಆ ನಕಲು ಸರಿಯಾದದ್ದರಷ್ಟೇ ಓಡಿತು.

ಗೆದ್ದ ಮೇಲೆ ಏನಾಯಿತು ನೋಡಿ. 2024ರ ಮಾರ್ಚ್‌ನಲ್ಲಿ ಮಹಿಳಾ ತಂಡ ಕಪ್ ಎತ್ತಿದಾಗ ಸ್ಮೃತಿ ಮಂದಾನ ‘ಈ ಸಲ ಕಪ್ ನಮ್ದು’ ಎಂದರು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪುರುಷರ ತಂಡವೂ ಪಂಜಾಬ್ ವಿರುದ್ಧ 6 ರನ್‌ನಿಂದ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಆ ಸಾವುಗಳ ಪಕ್ಕದಲ್ಲಿಟ್ಟು ಆ ಘೋಷಣೆಯನ್ನು ವಿಶ್ಲೇಷಿಸಲು ನನಗೆ ಮನಸ್ಸು ಬರುವುದಿಲ್ಲ. ಇಷ್ಟು ಮಾತ್ರ ಹೇಳಬಹುದು: ಸೋಲಿನ ಮೇಲೆ ಬದುಕಿದ್ದ ಮಾತಿಗೆ ಗೆಲುವು ಒಗ್ಗುವುದು ಕಷ್ಟ. ಗೇಲಿ ಮಾಡುವವರು ಕೈಬಿಟ್ಟರೆ ಅರ್ಧ ಬಲ ಹೋಯಿತು.

ಹರಡುವುದಕ್ಕೂ ನಿಜಕ್ಕೂ ನಂಟಿಲ್ಲ ಎನ್ನುವುದಕ್ಕೆ ಈ ಊರಿನ ಹೆಸರಿನ ಕಥೆಗಿಂತ ಬೇರೆ ಉದಾಹರಣೆ ಬೇಡ. ಹಸಿದು ಬಂದ ಹೊಯ್ಸಳ ರಾಜ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು. ಆ ವೀರಬಲ್ಲಾಳ, ಅಂದರೆ ಇಮ್ಮಡಿ ಬಲ್ಲಾಳ, ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ದೇವಸ್ಥಾನದ ಶಾಸನದಲ್ಲಿ ‘ಬೆಂಗಳೂರ’ ಕಾಳಗದ ಮಾತಿದೆ, ಅದು ಸುಮಾರು ಕ್ರಿ.ಶ. 890ರದ್ದು. ಅಂದರೆ ಅಜ್ಜಿ ಕಾಳು ಬೇಯಿಸುವ ಸುಮಾರು ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿತ್ತು. ಶಾಸನ ಕಲ್ಲಿನ ಮೇಲಿದೆ, ಓದಿಯೂ ಆಗಿದೆ. ಆದರೂ ಮಕ್ಕಳಿಗೆ ಹೇಳುವುದು ಅಜ್ಜಿಯ ಕಥೆಯನ್ನೇ. ಅಜ್ಜಿ, ರಾಜ, ಹಸಿವು, ಊಟ ಎಲ್ಲ ಇರುವ ಕಥೆಯ ಮುಂದೆ ಒಂದು ಇಸವಿ ಏನು ಮಾಡೀತು? ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಟ್ವಿಟರ್ ಬಗ್ಗೆ ಇದನ್ನೇ ಅಂಕಿಗಳಲ್ಲಿ ಹೇಳಿದರು. 2006ರಿಂದ 2017ರವರೆಗಿನ ಸುಮಾರು 1.26 ಲಕ್ಷ ಸುದ್ದಿಗಳನ್ನು ನೋಡಿದಾಗ, ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಾಧ್ಯತೆ ನಿಜದ್ದಕ್ಕಿಂತ ಶೇ. 70ರಷ್ಟು ಹೆಚ್ಚಿತ್ತು. ತಂತ್ರಾಂಶದ ಬಾಟ್‌ಗಳಲ್ಲ, ಮನುಷ್ಯರೇ ಕಾರಣ ಎಂದೂ ಅವರು ಹೇಳಿದರು. ಸುಳ್ಳಿನಲ್ಲಿ ಹೊಸತನ ಜಾಸ್ತಿ.

ಬೆಂದ ಕಾಳಿನಿಂದ ಯಾರಿಗೂ ತೊಂದರೆಯಿಲ್ಲ. 2018ರಲ್ಲಿ ಬಂದ ಒಂದು ವಿಡಿಯೊ ಹಾಗಿರಲಿಲ್ಲ. ಬೈಕಿನಲ್ಲಿ ಬರುವ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರ ಮೂಡಿಸಲು ಮಾಡಿಸಿದ್ದ ನಾಟಕೀಯ ವಿಡಿಯೊ. ಕೊನೆಯಲ್ಲಿ ಅವರೇ ಮಗುವನ್ನು ವಾಪಸ್ ತಂದು ಬಿಟ್ಟು, ಮಕ್ಕಳು ನಾಪತ್ತೆಯಾಗುವ ಬಗ್ಗೆ ಬರೆದ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಕೊನೆ ಇದ್ದ ವಿಡಿಯೊ ನೋಡಿದವರು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಾರೆ. ಕೊನೆ ಇಲ್ಲದ್ದನ್ನು ನೋಡಿದವರು ಹೆದರಿ ಹತ್ತು ಜನಕ್ಕೆ ಕಳಿಸುತ್ತಾರೆ. ಯಾವುದು ಉಳಿಯಿತು ಎಂದು ಹೇಳಬೇಕಾಗಿಲ್ಲ. ಕತ್ತರಿಸಿದ ಮೇಲೆ ಆ ವಿಡಿಯೊ ಒಂದು ಚೂರೂ ಬದಲಾಗದೆ ದಾಟಿತು. ಬದಲಾದದ್ದು ಜೊತೆಗಿದ್ದ ಮಾತು. ಹೋದ ಹೋದ ಊರಿನಲ್ಲಿ ಅದು ‘ನಮ್ಮ ಏರಿಯಾದಲ್ಲೇ ನಡೆದದ್ದು’ ಆಯಿತು. ಚಿತ್ರದ ಮಟ್ಟಿಗೆ ಡಾಕಿನ್ಸ್ ಸರಿ, ಶೀರ್ಷಿಕೆಯ ಮಟ್ಟಿಗೆ ಸ್ಪರ್ಬರ್ ಸರಿ. ಎರಡೂ ಸೇರಿದಾಗ ಭಯಾನಕ. ಆ ವರ್ಷದ ಮೇ ತಿಂಗಳಲ್ಲಿ, ಮಕ್ಕಳ ಕಳ್ಳನೆಂಬ ಗುಮಾನಿಯಲ್ಲಿ, ರಾಜಸ್ಥಾನದಿಂದ ಕೆಲಸ ಹುಡುಕಿ ಬಂದಿದ್ದ 26 ವರ್ಷದ ಯುವಕನನ್ನು ಚಾಮರಾಜಪೇಟೆಯಲ್ಲಿ ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಇನ್ನೊಬ್ಬ ಯುವಕ ಸತ್ತ.

ಇದು ಈ ಊರಿಗೆ ಮೊದಲನೆಯದೂ ಅಲ್ಲ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯದವರ ಮೇಲೆ ದಾಳಿಯಾಗುತ್ತದೆ ಎಂಬ ಎಸ್‌ಎಂಎಸ್‌ಗಳು ಓಡಾಡಿದವು. ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದರು. ವಿಶೇಷ ರೈಲು ಬಿಡಬೇಕಾಯಿತು. ಆಗ ಕೇಂದ್ರ ಸರ್ಕಾರ 15 ದಿನಗಳ ಮಟ್ಟಿಗೆ ಒಬ್ಬರು ದಿನಕ್ಕೆ ಐದೇ ಎಸ್‌ಎಂಎಸ್ ಕಳಿಸಬೇಕೆಂದು ಮಿತಿ ಹಾಕಿತು. ಆರು ವರ್ಷದ ಮೇಲೆ ವಾಟ್ಸಾಪ್ ತಲುಪಿದ್ದೂ ಅದೇ ಐದಕ್ಕೆ. 2018ರ ಜುಲೈನಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಷ್ಟೇ ಕಳಿಸುವ ಹಾಗೆ ಮಾಡಿತು, ವಿಡಿಯೊ ಪಕ್ಕದಲ್ಲಿದ್ದ ಫಾರ್ವರ್ಡ್ ಗುಂಡಿಯನ್ನೂ ತೆಗೆಯಿತು. 2020ರ ಏಪ್ರಿಲ್‌ನಲ್ಲಿ, ಬಹಳ ಸಲ ಫಾರ್ವರ್ಡ್ ಆದದ್ದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಎಂದು ಬಿಗಿ ಮಾಡಿತು. ಅಂಥ ಸಂದೇಶಗಳ ಓಡಾಟ ಶೇ. 70ರಷ್ಟು ಇಳಿಯಿತು ಎಂದು ಕಂಪನಿ ಹೇಳಿಕೊಂಡಿತು. ಕಂಪನಿಯದೇ ಲೆಕ್ಕ, ಅಷ್ಟು ಎಚ್ಚರ ಇರಲಿ. ಆದರೂ ಯಾರನ್ನೂ ಜೈಲಿಗೆ ಹಾಕದೆ, ಯಾರಿಗೂ ಬುದ್ಧಿ ಹೇಳದೆ ಆದ ಕೆಲಸ ಇದು.

ಇದರ ಎದುರಿಗೆ ನಮ್ಮ ರಾಜ್ಯ ಸರ್ಕಾರದ ಯೋಚನೆಯನ್ನು ಇಟ್ಟು ನೋಡಬೇಕು. 2025ರ ಜೂನ್‌ನಲ್ಲಿ ಹೊರಬಿದ್ದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡಿನಲ್ಲಿ 7 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡದ ಮಾತಿತ್ತು. ಬೇಕೆಂದೇ ಕರಾಚಿಯ ವಿಡಿಯೊ ಕತ್ತರಿಸಿದವರು ಸಿಕ್ಕರೆ ಶಿಕ್ಷೆಯಾಗಲಿ, ತಕರಾರಿಲ್ಲ. ಆದರೆ ಅವರು ಸಿಗುವುದಿಲ್ಲ. ಸಿಗುವವರು ಫ್ಯಾಮಿಲಿ ಗ್ರೂಪಿನಲ್ಲಿ ‘ಮಕ್ಕಳನ್ನು ಹುಷಾರಾಗಿ ನೋಡಿಕೊಳ್ಳಿ’ ಎಂದು ಕಳಿಸಿದ ಚಿಕ್ಕಮ್ಮ. ಆ ವಿಡಿಯೊ ಹರಡಿದ್ದು ಕೆಟ್ಟ ಮನಸ್ಸಿನವರಿಂದಲ್ಲ, ಕಾಳಜಿ ಇರುವವರಿಂದ. ಕಾಳಜಿಯನ್ನು ಅಪರಾಧ ಮಾಡಲು ಹೊರಟ ಕಾನೂನು ಯಾರನ್ನಾದರೂ ಹಿಡಿಯುತ್ತದೆ, ಯಾವುದನ್ನೂ ತಡೆಯುವುದಿಲ್ಲ. ಮೀಮ್ ಸಿದ್ಧಾಂತ ಶಾಸ್ತ್ರವಾಗಿ ಸೋತಿದ್ದರೂ ಈ ಒಂದು ವಿಷಯದಲ್ಲಿ ನನಗೆ ಉಪಯೋಗಕ್ಕೆ ಬರುತ್ತದೆ. ಹಂಚುವವರ ಗುಣದ ಬಗ್ಗೆ ತಲೆ ಕೆಡಿಸಿಕೊಳ್ಳುವ ಬದಲು, ಯಾವುದನ್ನು ಎಷ್ಟು ಸಲೀಸಾಗಿ ದಾಟಿಸಲು ಬಿಟ್ಟಿದ್ದೇವೆ ಎಂದು ನೋಡುವಂತೆ ಮಾಡುತ್ತದೆ.

ಆ ಸಲೀಸು ಈಗ ಯಾರ ಕೈಯಲ್ಲಿದೆ ಎಂಬುದೇ ಮುಂದಿನ ಜಗಳ. ಸೀಮೆಸುಣ್ಣ ಹಿಡಿದು ಬಾಗಿಲ ಮೇಲೆ ಬರೆಯಬೇಕಾದಾಗ ಕೈ ಓಡುವಷ್ಟೇ ಸುದ್ದಿ ಓಡುತ್ತಿತ್ತು. ರೀಲ್ಸ್‌ನಲ್ಲಿ ನಾವು ಕಳಿಸುವುದೂ ಬೇಕಿಲ್ಲ, ಸ್ವಲ್ಪ ಹೊತ್ತು ನಿಂತು ನೋಡಿದರೆ ಸಾಕು, ಯಂತ್ರವೇ ಇನ್ನೊಬ್ಬರಿಗೆ ತೋರಿಸುತ್ತದೆ. ಕನ್ನಡ ಬಾರದವನನ್ನು ಆಟೊದವರು ಬೈದ ವಿಡಿಯೊ, ಆಟೊದವರನ್ನು ಇನ್ನೊಬ್ಬರು ಬೈದ ವಿಡಿಯೊ, ಎರಡೂ ಒಂದೇ ಸಂಜೆ ಒಂದೇ ಫೋನಿಗೆ ಬರುವುದು ಸುಮ್ನೆ ಅಲ್ಲ. ಎರಡೂ ಕಡೆಯವರನ್ನು ಕೆರಳಿಸುವ ಸರಕು ‘ಈ ಸಲ ಕಪ್ ನಮ್ದೆ’ಯ ಹಾಗೇ ಎರಡು ಹೆಗಲ ಮೇಲೆ ಹೋಗುತ್ತದೆ. ವಾಟ್ಸಾಪ್ ಕೂಡ ಒಂದು ಕೈಯಲ್ಲಿ ಬಿಗಿ ಮಾಡಿ ಇನ್ನೊಂದು ಕೈಯಲ್ಲಿ ಸಡಿಲ ಮಾಡಿದೆ. 2018ರಲ್ಲಿ ಒಂದು ಗ್ರೂಪಿಗೆ 256 ಜನರ ಮಿತಿ ಇತ್ತು. 2022ರ ಕೊನೆಗೆ ಅದು 1,024 ಆಯಿತು. ಅಂದಿನ ನಾಲ್ಕು ಗ್ರೂಪು ಇಂದಿನ ಒಂದು ಗ್ರೂಪಿನಲ್ಲಿ ಹಿಡಿಸುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಬಂದ ಚಾನೆಲ್‌ಗಳಲ್ಲಂತೂ ಒಂದು ಸಲ ಹಾಕಿದರೆ ಲಕ್ಷಾಂತರ ಜನರನ್ನು ತಲುಪಬಹುದು. ವಿಧಾನಸೌಧದಲ್ಲಿ ಚರ್ಚೆಯಾಗಬೇಕಾದದ್ದು ಈ ಅಂಕಿಗಳು. ಚಿಕ್ಕಮ್ಮನಿಗೆ ಎಷ್ಟು ವರ್ಷ ಜೈಲು ಎನ್ನುವುದಲ್ಲ.